ಅಣ್ಣನ ಕೈ

ಲೋಟ ನೆಲಕ್ಕೆ ಬೀಳಲಿಲ್ಲ. ಮೇಜಿನ ಅಂಚಿನಿಂದ ಜಾರಿದ್ದನ್ನು ಅಣ್ಣ ಆ ಕಡೆ ನೋಡದೆ, ಆಡುತ್ತಿದ್ದ ಮಾತನ್ನೂ ನಿಲ್ಲಿಸದೆ, ಕೈ ಚಾಚಿ ಮಂಡಿಯ ಎತ್ತರದಲ್ಲೇ ಹಿಡಿದುಬಿಟ್ಟ. ಒಳಗಿದ್ದ ನೀರು ಮಾತ್ರ ಪಕ್ಕದಲ್ಲಿ ಕೂತಿದ್ದ ತಂಗಿಯ ಮಡಿಲಿಗೆ ಚೆಲ್ಲಿತು.

“ಕೈ ನೋಡು ಕೈನ!” ಎಂದಳು ಅಮ್ಮ. ಮಗಳ ಬಟ್ಟೆ ನೆಂದದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಆ ಮನೆಯಲ್ಲಿ ಅಣ್ಣನ ಕೈಗೆ ಒಬ್ಬ ಮನುಷ್ಯನಿಗೆ ಸಲ್ಲುವಷ್ಟು ಮರ್ಯಾದೆ ಸಲ್ಲುತ್ತಿತ್ತು. ಚಿಕ್ಕವನಿದ್ದಾಗಲೇ ಗೋಡೆಯಿಂದ ಕಳಚಿದ ಗಡಿಯಾರವನ್ನು ಅವನು ಗಾಳಿಯಲ್ಲೇ ಹಿಡಿದದ್ದನ್ನು ಅಮ್ಮ ಬಂದವರಿಗೆಲ್ಲ ಹೇಳಿ ಹೇಳಿ ಗಡಿಯಾರಕ್ಕೇ ಬೇಸರ ಬಂದಿರಬೇಕು. ಅದೇ ಕೈ ಇನ್ನೊಂದು ದಿನ ತಂಗಿಯ ಎಡ ಕಪಾಳಕ್ಕೆ ಬಿದ್ದ ಸುದ್ದಿ ಮಾತ್ರ ಹೊಸ್ತಿಲು ದಾಟಲಿಲ್ಲ. ಅಂದಿನಿಂದ ಆ ಕಿವಿಯಲ್ಲಿ ಗಾಳಿ ಸುಳಿದಂಥ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸ್ನಾನ ಮಾಡುವಾಗ ನೀರು ಹೋಗಿತ್ತು ಎಂದು ಅಮ್ಮ ಡಾಕ್ಟರ ಮುಂದೆ ಹೇಳಿದಳು, ಅವರೂ ಹೌದಿರಬೇಕು ಎಂದು ತಲೆಯಾಡಿಸಿದರು. ಮುಂದೆ ಅಣ್ಣ ತಂಗಿ ಇಬ್ಬರೂ ಪೈಲಟ್ ಆಗುತ್ತೇವೆಂದು ಹೊರಟಾಗ ಅವನು ಒಳಗೆ ಹೋದ. ಅವಳ ಕಿವಿಗೆ ಯಂತ್ರ ಹಚ್ಚಿ ನೋಡಿದವರು ಮುಖ ಸಪ್ಪೆ ಮಾಡಿಕೊಂಡು ಬಾಗಿಲು ತೋರಿಸಿದರು.

“ನನ್ನ ಕೈ ತಲೆ ಯೋಚಿಸಲಿ ಅಂತ ಕಾಯಲ್ಲ ಅಮ್ಮ,” ಎಂದ ಅಣ್ಣ, ಲೋಟವನ್ನು ಮೇಜಿನ ಮೇಲೆ ಠಪ್ಪನೆ ಇಟ್ಟು. “ನಾಳಿದ್ದು ಪರೀಕ್ಷೆಯಲ್ಲೂ ಅಷ್ಟೇ. ಎಂಜಿನ್ ಸತ್ತಿತು ಅಂತ ಗೊತ್ತಾದ ಕ್ಷಣಕ್ಕೆ ಆ ಕಡೆ ಪವರ್ ಲಿವರ್ ಹಿಂದೆ. ಬೇರೆಯವರು ಎಡಗಡೇದೋ ಬಲಗಡೇದೋ ಅಂತ ಲೆಕ್ಕ ಹಾಕ್ತಾ ಕೂತಿರೋವಾಗ ನಾನು ಮುಂದಿನ ಕೆಲಸಕ್ಕೆ ಹೋಗಿರ್ತೀನಿ.”

ಒದ್ದೆ ಬಟ್ಟೆ ಹಿಂಡುತ್ತಿದ್ದ ತಂಗಿಯ ಕೈ ನಿಂತಿತು. ನಾಳಿದ್ದರ ಪರೀಕ್ಷೆಯಲ್ಲಿ ಗೆದ್ದರೆ ಅಣ್ಣ ಕ್ಯಾಪ್ಟನ್. ಇಷ್ಟು ವರ್ಷ ಬಲಗಡೆಯ ಆಸನದಲ್ಲಿ ಕೂತು ಇನ್ನೊಬ್ಬರ ಮಾತು ಕೇಳಿದ್ದು ಮುಗಿದು, ಎಡಗಡೆಯ ಆಸನ ಅವನದಾಗುತ್ತದೆ. ಮತ್ತು ಇಡೀ ಜಗತ್ತಿನಲ್ಲಿ ಅವನ ಆ ಕೈ ಅವನನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂದು ತಿಳಿದಿದ್ದವಳು ಅವಳೊಬ್ಬಳೇ.

ಪೈಲಟ್‌ಗಳ ತರಬೇತಿ ಕೇಂದ್ರದಲ್ಲಿ ಅವಳಿಗೆ ‘ಫ್ಯಾನ್ ಮೇಡಂ’ ಎಂದು ಹೆಸರು. ಅಲ್ಲಿನ ದೊಡ್ಡ ಶೆಡ್ಡಿನೊಳಗೆ ಆರು ಉಕ್ಕಿನ ಕಾಲುಗಳ ಮೇಲೆ ನಿಂತ ಬಿಳಿ ಪೆಟ್ಟಿಗೆಯೊಂದಿದೆ, ಅದೇ ಸಿಮ್ಯುಲೇಟರ್. ಒಳಗೆ ಹೊಕ್ಕರೆ, ರೆಕ್ಕೆಗಳ ಮೇಲೆ ಫ್ಯಾನಿನಂಥ ಪ್ರೊಪೆಲ್ಲರುಗಳಿರುವ ಟರ್ಬೊಪ್ರಾಪ್ ವಿಮಾನದ ಕಾಕ್‌ಪಿಟ್, ಗಾಜಿನಾಚೆ ಪರದೆಯ ಮೇಲೆ ರನ್‌ವೇ, ಮೋಡ, ಬೆಟ್ಟ. ಪೆಟ್ಟಿಗೆ ವಾಲುತ್ತದೆ, ಕುಲುಕುತ್ತದೆ, ಒಳಗಿದ್ದವರ ಹೊಟ್ಟೆ ತೊಳೆಸುತ್ತದೆ. ಅದರ ಎಂಜಿನ್ ಮತ್ತು ಪ್ರೊಪೆಲ್ಲರುಗಳು ನಿಜವಾದವುಗಳಂತೆಯೇ ನಡೆದುಕೊಳ್ಳುವ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ಎಲ್ಲೂ ಇಲ್ಲದ ಪ್ರೊಪೆಲ್ಲರನ್ನು ಹಗಲೂ ಇರುಳೂ ತಲೆಯಲ್ಲಿ ತಿರುಗಿಸಿಕೊಂಡು ಬದುಕುವವಳು ಅವಳು.

ಎಂಜಿನ್ ಸತ್ತರೂ ಪ್ರೊಪೆಲ್ಲರ್ ಸುಮ್ಮನಾಗುವುದಿಲ್ಲ. ಎದುರುಗಾಳಿಗೆ ಸಿಕ್ಕಿ ತಿರುಗುತ್ತಲೇ ಇರುತ್ತದೆ. ಬಾಗಿಲ ಹಲಗೆಯೊಂದನ್ನು ಬಿರುಗಾಳಿಗೆ ಅಡ್ಡ ಹಿಡಿದ ಹಾಗೆ ಅದರ ಅಲಗುಗಳು ವಿಮಾನದ ಆ ಬದಿಯನ್ನು ಹಿಂದಕ್ಕೆ ಜಗ್ಗುತ್ತವೆ. ಹಾಗಾಗಿ ಅಲಗುಗಳು ತಮ್ಮ ಬುಡದಲ್ಲೇ ಹೊರಳಿ ಗಾಳಿಗೆ ಅಂಚು ಕೊಟ್ಟು ನಿಲ್ಲಬೇಕು, ಇದಕ್ಕೆ ಪೈಲಟ್‌ಗಳು ‘ಫೆದರ್’ ಎನ್ನುತ್ತಾರೆ. ಈ ವಿಮಾನದಲ್ಲಿ ಆ ಕೆಲಸ ತಾನಾಗಿಯೇ ಆಗುತ್ತದೆ, ಆದರೆ ಒಂದು ಕರಾರಿನ ಮೇಲೆ. ಸತ್ತ ಎಂಜಿನ್ನಿನ ಪವರ್ ಲಿವರ್, ಅಂದರೆ ಶಕ್ತಿ ಏರಿಸಿ ಇಳಿಸುವ ಹಿಡಿಕೆ, ಮುಂದೆಯೇ ಇರಬೇಕು. ಅದನ್ನು ಹಿಂದಕ್ಕೆಳೆದರೆ, ಪೈಲಟ್ ಬೇಕೆಂದೇ ಶಕ್ತಿ ಇಳಿಸಿದ್ದಾನೆ ಎಂದುಕೊಂಡು ಯಂತ್ರ ಪ್ರೊಪೆಲ್ಲರಿನ ತಂಟೆಗೇ ಹೋಗುವುದಿಲ್ಲ. ಫೆದರ್ ಆಗುವವರೆಗೆ ಲಿವರ್ ಮುಟ್ಟಬೇಡಿ, ಕಾಲಿನಿಂದ ವಿಮಾನವನ್ನು ನೇರ ಹಿಡಿಯಿರಿ ಎಂದು ವಿಮಾನದ ಕೈಪಿಡಿ ಪುಸ್ತಕದಲ್ಲಿ ಮೊದಲಿನಿಂದಲೂ ಇತ್ತು.

ಸಿಮ್ಯುಲೇಟರಿಗೆ ಮಾತ್ರ ಈ ಕರಾರು ಗೊತ್ತಿರಲಿಲ್ಲ. ಯಾವ ಕಾಲದಲ್ಲೋ ಯಾವನೋ ಬರೆದ ಪ್ರೋಗ್ರಾಮಿನಲ್ಲಿ ಎಂಜಿನ್ ಸತ್ತರೆ ಪ್ರೊಪೆಲ್ಲರ್ ಫೆದರ್ ಆಗುತ್ತಿತ್ತು, ಲಿವರ್ ಎಲ್ಲಿದ್ದರೂ ಸರಿ. ತುಂಬ ಒಳ್ಳೆಯ ಯಂತ್ರ, ಯಾರ ತಪ್ಪನ್ನೂ ಎತ್ತಿ ಆಡುತ್ತಿರಲಿಲ್ಲ. ಅದರಲ್ಲಿ ಕಲಿತವರ ಕೈಗೆ ಒಂದು ಚಾಳಿ ಅಂಟಿತ್ತು: ಎಂಜಿನ್ ಸತ್ತ ಕೂಡಲೇ ಲಿವರನ್ನು ಸರಕ್ಕನೆ ಎಳೆಯುವುದು. ಎಲ್ಲರಿಗಿಂತ ಬೇಗ ಎಳೆಯುತ್ತಿದ್ದವನು ಅವಳ ಅಣ್ಣ. ಈ ಎಡವಟ್ಟನ್ನು ಅವಳೇ ಕಂಡುಹಿಡಿದಳು, ಅವಳೇ ಸರಿಪಡಿಸಿದಳು. “ಹೊಸದನ್ನ ಹಾಕಿಬಿಡು,” ಎಂದಿದ್ದರು ಕೇಂದ್ರದ ದೊಡ್ಡ ಸಾಹೇಬರು. “ಪುಸ್ತಕದಲ್ಲಿ ಇರೋದನ್ನೇ ತಾನೆ ಯಂತ್ರ ಮಾಡೋದು? ಬರೋ ಪೈಲಟ್‌ಗಳಿಗೆ ಬಾಯಲ್ಲಿ ಒಂದು ಮಾತು ಹೇಳ್ತಾ ಇರು, ಸಾಕು.”

ಅವಳು ಹೇಳಿದಳು. ಆ ವಾರ ಬಂದ ಪ್ರತಿಯೊಬ್ಬರನ್ನೂ ಕಾಫಿ ಯಂತ್ರದ ಬಳಿ ನಿಲ್ಲಿಸಿ, ಕೈಯಲ್ಲಿ ಲಿವರ್ ಹಿಡಿದವಳ ಹಾಗೆ ಮುಷ್ಟಿ ಕಟ್ಟಿ ತೋರಿಸಿ ಹೇಳಿದಳು. ಉಳಿದವನು ಒಬ್ಬನೇ. ಅವನಿಗೆ ಮನೆಯಲ್ಲೇ ಹೇಳಿದರಾಯಿತು ಎಂದುಕೊಂಡಿದ್ದಳು. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದಳು.

“ಅಣ್ಣಾ, ಆ ಲಿವರ್ ವಿಷಯ...” ಎಂದು ಬಾಯಿ ತೆರೆದಳು.

“ಏ ಕಿವುಡಿ,” ಅಣ್ಣ ನಗುತ್ತ ಅವಳ ಎಡಗಿವಿಯ ಹತ್ತಿರ ಚಿಟಿಕೆ ಹೊಡೆದ, ಕೇಳಿಸುತ್ತದೋ ಇಲ್ಲವೋ ನೋಡುವವನ ಹಾಗೆ. ಇದು ಅವನ ಹಳೆಯ ತಮಾಷೆ. “ನಾಳಿದ್ದು ನಿನ್ನ ಆಟಿಕೆಗೆ ಸರಿಯಾಗಿ ಬ್ಯಾಟರಿ ಹಾಕಿಟ್ಟಿರು. ವಿಮಾನ ಓಡಿಸೋದು ಹೇಗೆ ಅಂತ ನೀನು ನನಗೆ ಹೇಳಿಕೊಡಬೇಡ. ಯಾರನ್ನ ಯಾವ ಬಾಗಿಲಿಂದ ವಾಪಸ್ ಕಳಿಸಿದ್ರು ಅಂತ ಮರೆತು ಹೋಯ್ತಾ?”

ಅಮ್ಮ ನಕ್ಕಳು. ನಗುವಷ್ಟು ದೊಡ್ಡ ಮಾತೇನೂ ಅದಲ್ಲ, ಆದರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಸೆರಗಿನಿಂದ ಒರೆಸಿಕೊಂಡಳು. “ಪಾಪ, ಬಿಡೋ. ಏನೋ ಹೇಳೋಕೆ ಬಂದ್ಳು. ಏನೇ ಅದು?”

ತಂಗಿ ಅಮ್ಮನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು. ಒದ್ದೆ ಬಟ್ಟೆಯನ್ನು ಮತ್ತೆ ಹಿಂಡತೊಡಗಿದಳು.

“ಏನಿಲ್ಲ,” ಎಂದಳು. “ಎಲ್ಲ ಯಾವಾಗಿನ ಹಾಗೇ ಇದೆ ಅಂತ ಹೇಳೋಕೆ ಬಂದೆ.”

ಪರೀಕ್ಷೆಯ ದಿನ ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಪರೀಕ್ಷಕರು ಮೀಸೆ ಸರ್. ಅವರ ಮೀಸೆ ಅಲುಗಿದರೆ ಪೈಲಟ್‌ಗಳ ಎದೆ ಧಸಕ್ಕೆನ್ನುತ್ತಿತ್ತು. ಮೂರನೆಯವಳಾಗಿ ಜೊತೆಯ ಆಸನದಲ್ಲಿ ಕೂರಲು ಬಂದವಳು ಒಬ್ಬ ಎಳೆಯ ಪೈಲಟ್, ಮಾತಿಗೆ ಮುಂಚೆ “ಸಾರಿ” ಎನ್ನುವ ಹುಡುಗಿ. ಮೂವರೂ ಕಿರುಸೇತುವೆ ದಾಟಿ ಪೆಟ್ಟಿಗೆಯೊಳಗೆ ಹೋದರು, ಬಾಗಿಲು ಮುಚ್ಚಿತು. ತಂಗಿ ಶೆಡ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ತನ್ನ ಪರದೆಗಳ ಮುಂದೆ ಕೂತಳು. ಒಂದರಲ್ಲಿ ಒಳಗಿನವರ ಬೆನ್ನು ಮತ್ತು ಕೈಕಾಲುಗಳು, ಇನ್ನೊಂದರಲ್ಲಿ ಎಂಜಿನ್ನಿನ, ಪ್ರೊಪೆಲ್ಲರಿನ, ಲಿವರಿನ ಗೆರೆಗಳು. ಬಲಗಿವಿಗೆ ಹೆಡ್‌ಫೋನ್ ಹಚ್ಚಿಕೊಂಡಳು.

ಇನ್ನೂ ಹೇಳಬಹುದಿತ್ತು. ಮೈಕ್ ಗುಂಡಿ ಬೆರಳ ಕೆಳಗೇ ಇತ್ತು. ಒತ್ತಿ “ಲಿವರ್ ಮುಟ್ಟಬೇಡ” ಎಂದರೆ ಮುಗಿದುಹೋಗುತ್ತಿತ್ತು. ಅವಳು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು.

ವಿಮಾನ ರನ್‌ವೇ ಮೇಲೆ ಓಡಿ ನೆಲ ಬಿಟ್ಟಿತು. ಚಕ್ರಗಳು ಒಳಗೆ ಹೋಗುತ್ತಿದ್ದಂತೆ ಮೀಸೆ ಸರ್ ಹಿಂದಿನಿಂದ ಎಡ ಎಂಜಿನ್ನನ್ನು ಕೊಂದರು. ಪೆಟ್ಟಿಗೆ ಎಡಕ್ಕೆ ಕುಲುಕಿತು. ಅಷ್ಟರಲ್ಲಿ ಅಣ್ಣನ ಕೈ ತನ್ನ ಕೆಲಸ ಮುಗಿಸಿತ್ತು. ಎಡ ಲಿವರ್ ಹಿಂದೆ. ಎಷ್ಟು ಸೊಗಸಾಗಿ ಎಳೆದನೆಂದರೆ ಲೋಟ ಹಿಡಿದದ್ದೇ ನೆನಪಾಯಿತು. ಆಮೇಲೆ ಅವನು ಕಾದ. ಯಾವಾಗಲೂ ಆಗುತ್ತಿದ್ದದ್ದು ಆಗಲಿ ಎಂದು ಕಾದ. ಅದು ಆಗಲಿಲ್ಲ.

ಅವಳ ಪರದೆಯಲ್ಲಿ ಪ್ರೊಪೆಲ್ಲರಿನ ಗೆರೆ ಇಳಿಯದೆ ಉಳಿಯಿತು. ಅಲಗುಗಳು ಗಾಳಿಗೆ ಅಡ್ಡ ನಿಂತು ತಿರುಗುತ್ತಲೇ ಇದ್ದವು, ವಿಮಾನವನ್ನು ಎಡಕ್ಕೆ ಹಿಡಿದು ಜಗ್ಗುತ್ತಲೇ ಇದ್ದವು. ಅಣ್ಣ ಅದನ್ನು ನೇರ ಹಿಡಿಯಲು ಬಲಗಾಲಿನಿಂದ ಬಲ ಪೆಡಲನ್ನು ತುಳಿದ. ಅವನ ಬೆನ್ನು ಆಸನಕ್ಕೆ ಒತ್ತಿಕೊಂಡದ್ದು, ತೊಡೆ ನಡುಗಿದ್ದು ಕಾಣಿಸಿತು. “ಫೆದರ್ ಆಗಿಲ್ಲ! ಯಾಕೆ ಆಗಿಲ್ಲ?” ಎಂದು ಕೂಗಿದ. “ಸಾರಿ, ಕೈಯಿಂದ ಮಾಡಬೇಕು, ಇನ್ನೊಂದು ಲಿವರ್...” ಎಂದು ಹುಡುಗಿ ಅನ್ನುವಷ್ಟರಲ್ಲಿ ವೇಗ ಸತ್ತಿತ್ತು. ಎಡ ರೆಕ್ಕೆ ಕೆಳಗಾಯಿತು. ಪರದೆಯ ಮೇಲಿನ ಹೊಲಗಳು ಪಕ್ಕಕ್ಕೆ ವಾಲಿ, ದೊಡ್ಡದಾಗಿ, ಇನ್ನೂ ದೊಡ್ಡದಾಗಿ, ಕೊನೆಗೆ ಎಲ್ಲ ಕೆಂಪಾಯಿತು. ಪೆಟ್ಟಿಗೆ ಒಮ್ಮೆ ಜೋರಾಗಿ ಅದುರಿ ತನ್ನ ಆರು ಕಾಲುಗಳ ಮೇಲೆ ಮೆಲ್ಲಗೆ ಕುಸಿದು ಕೂತಿತು.

ಅವಳಿಗೆ ಸಂತೋಷವಾಯಿತು. ಸುಳ್ಳೇಕೆ, ಹಾಲು ಕುಡಿದಷ್ಟು ಸಂತೋಷವಾಯಿತು. ಅಣ್ಣ ಅಷ್ಟು ಗಾಬರಿಯಿಂದ ಕೂಗಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಚಿಕ್ಕವರಿದ್ದಾಗ ಅವನು ಕುರ್ಚಿಗಳನ್ನು ಸಾಲಾಗಿ ಇಟ್ಟು ವಿಮಾನದಾಟ ಆಡಿಸುತ್ತಿದ್ದ. ಮುಂದಿನ ಕುರ್ಚಿ ಯಾವಾಗಲೂ ಅವನದು, ಅವಳು ಪ್ರಯಾಣಿಕಳು. ವಿಮಾನ ಬೀಳುವಾಗ ಅವಳು ಕಿರುಚಬೇಕು, ಕಿರುಚದಿದ್ದರೆ ತಿರುಗಿ ಚಿವುಟುತ್ತಿದ್ದ. ಈಗ ಅವಳು ಹೆಡ್‌ಫೋನಿನಲ್ಲಿ ದಾಖಲಾದ ಆ ಕೂಗನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು.

ಹೊರಗೆ ಬಂದ ಅಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಣ್ಣ ಇಳಿದ ಮುಖ. ನೇರ ಅವಳ ಗಾಜಿನ ಕೋಣೆಗೇ ಬಂದ, ಹಿಂದೆ ಮೀಸೆ ಸರ್, ಹುಡುಗಿ.

“ಏನು ಕೆಟ್ಟಿದೆ ನಿನ್ನ ಯಂತ್ರ?”

“ಯಂತ್ರ ಚೆನ್ನಾಗೇ ಇದೆ,” ಎಂದಳು. ಈ ಮಾತನ್ನು ಅವಳು ಎರಡು ದಿನದಿಂದ ಬಾಯಲ್ಲಿ ನೆನೆಹಾಕಿಟ್ಟುಕೊಂಡಿದ್ದಳು. ಪರದೆಯನ್ನು ಅವನ ಕಡೆ ತಿರುಗಿಸಿ, ಪಾಠ ಹೇಳುವವಳ ಹಾಗೆ ಪೆನ್ನಿನ ತುದಿಯಿಂದ ತೋರಿಸಿದಳು. “ಇದು ಎಂಜಿನ್ ಸತ್ತದ್ದು. ಇದು ನಿನ್ನ ಕೈ. ನೋಡು ಎಷ್ಟು ಚುರುಕು! ನೀನು ಸುಮ್ನೆ ಕೂತಿದ್ರೂ ಪ್ರೊಪೆಲ್ಲರ್ ಫೆದರ್ ಆಗಿರೋದು, ವಿಮಾನ ಮೇಲೆ ಹೋಗಿರೋದು. ಕೈಯೇ ಇಲ್ಲದವನು ಆ ಆಸನದಲ್ಲಿ ಕೂತಿದ್ರೂ ಪ್ರಯಾಣಿಕರು ಬದುಕಿರೋರು. ಎಂಜಿನ್ ಅಲ್ಲ ಅಣ್ಣಾ ಅವರನ್ನ ಕೊಂದದ್ದು, ನೀನು.”

ಮೀಸೆ ಸರ್ ಕೆಮ್ಮಿದರು. ಅಣ್ಣ ಆ ಗೆರೆಗಳನ್ನೇ ನೋಡುತ್ತಿದ್ದ. ಅವನ ಬಲಗೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಹೋಗಿ ಅಡಗಿಕೊಂಡಿತು. ಅವನಿಗೆ ಅರ್ಥವಾಗಿತ್ತು. ಆ ಒಂದು ಗಳಿಗೆ ಅವನಿಗೆ ನಿಜಕ್ಕೂ ಅರ್ಥವಾಗಿತ್ತು, ಅವಳು ಅದನ್ನು ಕಣ್ಣಾರೆ ಕಂಡಳು.

“ಸಾರಿ,” ಎಂದಳು ಹುಡುಗಿ. “ಮೇಡಂ ಮೊನ್ನೆ ಕಾಫಿ ಹತ್ರ ನಮಗೆಲ್ಲ ಹೇಳಿದ್ರಲ್ಲ, ಅದೇ ತಾನೆ ಇದು? ನಿಮಗೂ ಹೇಳಿರ್ತಾರೆ ಅಂದ್ಕೊಂಡೆ ಸರ್.”

ಅಣ್ಣ ಮೆಲ್ಲಗೆ ತಲೆ ಎತ್ತಿದ. ಮುಖಕ್ಕೆ ರಕ್ತ ವಾಪಸ್ ಬರುತ್ತಿತ್ತು. ಮುಳುಗುತ್ತಿದ್ದವನ ಕಾಲಿಗೆ ನೆಲ ಸಿಕ್ಕಿದಂತಿತ್ತು.

“ಎಲ್ಲರಿಗೂ ಹೇಳಿದ್ದೀಯಾ?” ಎಂದ. “ನನಗೊಬ್ಬನಿಗೆ ಬಿಟ್ಟು?”

ಅವಳು ಮೀಸೆ ಸರ್ ಕಡೆ ನೋಡಿದಳು. ಅವರು ಮೀಸೆ ನೀವಿಕೊಳ್ಳುತ್ತ ನೆಲ ನೋಡುತ್ತಿದ್ದರು.

ಮಧ್ಯಾಹ್ನ ದೊಡ್ಡ ಸಾಹೇಬರ ಕೋಣೆಗೆ ಕರೆ ಬಂತು. ಅವರು ಕೂಗಾಡುವ ಜನ ಅಲ್ಲ, ಕನ್ನಡಕ ತೆಗೆದಿಟ್ಟು ಮೆತ್ತಗೆ ಮಾತಾಡಿದರು. “ಹತ್ತು ಜನಕ್ಕೆ ಹೇಳಿ ಒಬ್ಬನಿಗೆ ಹೇಳಲಿಲ್ಲ ಅಂದ್ರೆ ಅದಕ್ಕೆ ಏನಂತಾರಮ್ಮ? ಅದೂ ನಿನ್ನ ಒಡಹುಟ್ಟಿದವನಿಗೆ. ಮನೆ ಜಗಳನ ತಂದು ನನ್ನ ಯಂತ್ರದೊಳಗೆ ಹಾಕಿದ್ದೀಯ.”

“ಸರ್, ನಾನು ಹೇಳದೆ ಇದ್ದದ್ದು ತಪ್ಪು. ಆದ್ರೆ ಯಂತ್ರ ಹೇಳ್ತಿರೋದು ನಿಜ. ನಿಜವಾದ ವಿಮಾನ ಹೀಗೇ ಮಾಡೋದು.”

“ಇರಬಹುದು. ಆದ್ರೆ ಅವನು ಈಗ ಏನಂತಾನೆ? ಇದು ನನ್ನ ಬೀಳಿಸೋಕೆ ಬರೆದದ್ದು ಅಂತಾನೆ. ಇಲ್ಲ ಅಂತ ನಾನು ಯಾವ ಮುಖ ಇಟ್ಕೊಂಡು ಹೇಳಲಿ? ಹೊಸದನ್ನ ತೆಗಿ, ಹಳೇದನ್ನ ಹಾಕು. ಅವನಿಗೆ ಮರುಪರೀಕ್ಷೆ ಹಳೇದರಲ್ಲೇ. ಹೊಸದನ್ನ ಹೊರಗಿನವರು ಯಾರಾದ್ರೂ ನೋಡಿ ಹೂಂ ಅಂದಮೇಲೆ ಯೋಚಿಸೋಣ.” ಕನ್ನಡಕ ಹಾಕಿಕೊಂಡು ಬೇರೆ ಕಾಗದ ಎತ್ತಿಕೊಂಡರು. ಅವಳು ನಿಂತೇ ಇದ್ದಳು. “ನೀನೇ ಹಾಕಬೇಕು,” ಎಂದರು ತಲೆಯೆತ್ತದೆ.

ಅವಳೇ ಹಾಕಿದಳು. ಮರುಪರೀಕ್ಷೆಯಲ್ಲಿ ಎಡ ಎಂಜಿನ್ ಸತ್ತಿತು, ಅಣ್ಣನ ಕೈ ಲಿವರನ್ನು ಸರಕ್ಕನೆ ಎಳೆಯಿತು, ಒಳ್ಳೆಯ ಯಂತ್ರ ಯಾವಾಗಿನಂತೆ ಪ್ರೊಪೆಲ್ಲರನ್ನು ಫೆದರ್ ಮಾಡಿಕೊಟ್ಟಿತು. ವಿಮಾನ ಗೆರೆ ಎಳೆದ ಹಾಗೆ ನೇರ ಏರಿತು. “ಕೈ ಸ್ವಲ್ಪ ನಿಧಾನ ಮಾಡು, ಪುಸ್ತಕದಲ್ಲಿ ಬೇರೆ ಇದೆ,” ಎಂದರಂತೆ ಮೀಸೆ ಸರ್. “ಸರಿ ಸರ್,” ಎಂದನಂತೆ ಅಣ್ಣ. ಗೆದ್ದವನಿಗೆ ಅದಕ್ಕಿಂತ ಹೆಚ್ಚು ಯಾರು ಹೇಳುತ್ತಾರೆ? ಹೊರಗೆ ಬಂದು ಗಾಜಿನ ಕೋಣೆಯ ಮುಂದೆ ಹಾದುಹೋಗುವಾಗ ಅವನು ಅವಳ ಎಡಗಿವಿಯ ನೇರಕ್ಕೆ ಗಾಜಿನಾಚೆಯಿಂದಲೇ ಚಿಟಿಕೆ ಹೊಡೆದ.

ಮನೆಯಲ್ಲಿ ಅಮ್ಮ ಅವಳ ಜೊತೆ ಮಾತು ಬಿಟ್ಟಿದ್ದಳು. ತಟ್ಟೆಯನ್ನು ಅವಳ ಮುಂದೆ ಕುಕ್ಕುವಳು, ಬಾಗಿಲನ್ನು ಅವಳ ಹಿಂದೆ ಧಡಾರನೆ ಹಾಕುವಳು. ಕೊನೆಗೊಂದು ಸಂಜೆ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಯಿಬಿಟ್ಟಳು. “ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ? ನಿನ್ನ ಕಿವಿ ಹೋಯ್ತು ಅಂತ ಅವನ ಬದುಕೂ ಹೋಗಬೇಕಾ? ಕೇಳು, ತಪ್ಪಾಯ್ತು ಅಂತ ಕೇಳು.”

ಅವಳು ಅಣ್ಣನ ಎದುರು ನೆಲದ ಮೇಲೆ ಕೂತಳು. ಮಾನ ಮರ್ಯಾದೆಯ ಯೋಚನೆ ಅವಳಿಗೆ ಆಗ ಇರಲಿಲ್ಲ. ಎಷ್ಟೋ ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ; ಕಣ್ಣು ಮುಚ್ಚಿದರೆ ಹೊಲಗಳು ವಾಲಿಕೊಂಡು ಬರುತ್ತಿದ್ದವು, ಈಗ ಅವು ಪರದೆಯ ಮೇಲಿನ ಹೊಲಗಳಾಗಿರಲಿಲ್ಲ. ಗೆಲುವಿನ ರುಚಿ ಯಾವಾಗಲೋ ಬಾಯಿಂದ ಹೋಗಿತ್ತು. ಉಳಿದದ್ದು ಬರೀ ಹೆದರಿಕೆ.

“ಅಣ್ಣಾ, ತಪ್ಪಾಯ್ತು. ನಿನಗೆ ಹೇಳಬೇಕಿತ್ತು. ಬೇಕು ಅಂತಾನೇ ಹೇಳಲಿಲ್ಲ. ಆದ್ರೆ ಆ ಲಿವರ್ ಮಾತ್ರ ದಯವಿಟ್ಟು...”

“‘ಆದ್ರೆ’ ಬೇಡ,” ಎಂದ ಅಣ್ಣ. “ತಪ್ಪಾಯ್ತು ಅಂತ ಮಾತ್ರ ಹೇಳು.”

“ಒಂದ್ಸಲ ಪುಸ್ತಕ ತೆಗೆದು ಓದು. ಬೇರೆ ಯಾರನ್ನಾದ್ರೂ ಕೇಳು. ನನ್ನ ಮಾತು ನಂಬಬೇಡ, ಆ ಹುಡುಗೀನ ಕೇಳು.”

“ಆ ಹುಡುಗಿಗೆ ಹೇಳಿಕೊಟ್ಟೋಳೂ ನೀನೇ ತಾನೆ?” ಅವನು ನಕ್ಕ. “ಎಷ್ಟು ವರ್ಷದಿಂದ ನಾನು ಹೀಗೇ ಎಳೀತಿದ್ದೀನಿ. ಎಲ್ಲ ಸಲ ಫೆದರ್ ಆಗಿದೆ. ನೀನು ಕೈ ಹಾಕಿದ ದಿನ ಒಂದು ಬಿಟ್ಟು. ಹೇಳು ಈಗ. ‘ಆದ್ರೆ’ ಇಲ್ಲದೆ.”

ಎಲ್ಲ ಸಲವೂ ಆ ಪೆಟ್ಟಿಗೆಯೊಳಗೇ, ನಿಜವಾದ ವಿಮಾನದಲ್ಲಿ ನಿನ್ನ ಎಂಜಿನ್ ಒಮ್ಮೆಯೂ ಸತ್ತಿಲ್ಲ ಎಂದು ಹೇಳಲು ಹೊರಟಳು. ಅವನ ಅಂಗೈ ಮೇಲೆದ್ದಿತು. ಹೊಡೆಯಲಿಕ್ಕಲ್ಲ, ಸುಮ್ಮನಿರು ಎನ್ನಲಿಕ್ಕೆ. ಆದರೆ ಅವಳ ತಲೆ ತನಗರಿವಿಲ್ಲದೆ ಬಲಕ್ಕೆ ಸರಿಯಿತು. ಅದನ್ನು ನೋಡಿ ಅಮ್ಮ ಮುಖ ತಿರುಗಿಸಿಕೊಂಡಳು.

“ತಪ್ಪಾಯ್ತು,” ಎಂದಳು ಅವಳು.

“ಹಾಂ. ಹೀಗೆ.”

ಅಣ್ಣ ಕ್ಯಾಪ್ಟನ್ ಆಗಿ ಹಾರಿಸುವ ಮೊದಲ ವಿಮಾನಕ್ಕೆ ಅಮ್ಮ, ಮಗಳು ಇಬ್ಬರೂ ಬರಬೇಕೆಂದು ತೀರ್ಮಾನವಾಯಿತು. ಬರುವುದಿಲ್ಲ ಎಂದಳು ತಂಗಿ. ಕೆಲಸ ಇದೆ ಎಂದಳು, ಜ್ವರ ಎಂದಳು. ಅಮ್ಮ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. “ಅವನ ಜೀವನದಲ್ಲಿ ಒಂದು ಸಲ ಬರೋ ದಿನ. ನೀನು ಬರದೆ ಹೋದ್ರೆ ನನ್ನ ಹೆಣ ನೋಡ್ತೀಯ,” ಎಂದಳು. ತಂಗಿ ಅಮ್ಮನನ್ನೇ ನೋಡುತ್ತ ನಿಂತಳು. ಅಮ್ಮನೊಬ್ಬಳೇ ಹೋಗುವುದನ್ನು ನೆನೆದಳು, ಪರದೆಗಳಿಲ್ಲದ ಮನೆಯಲ್ಲಿ ತಾನು ಕಾಯುತ್ತ ಕೂರುವುದನ್ನು ನೆನೆದಳು. ಬರುತ್ತೇನೆ ಎಂದಳು.

ವಿಮಾನದ ಮೆಟ್ಟಿಲ ಬಳಿ ಅಣ್ಣ ಹೊಸ ಪಟ್ಟಿಗಳ ಭುಜ ತೋರಿಸುತ್ತ ನಿಂತಿದ್ದ. ಅಮ್ಮ ಅವನ ಕೆನ್ನೆ ಸವರಿದಳು. “ನಿನಗೆ ಒಳ್ಳೇ ಸೀಟು ಹೇಳಿಟ್ಟಿದ್ದೀನಿ,” ಎಂದ ತಂಗಿಗೆ. “ನಿನ್ನ ಪ್ರೀತಿಯ ಫ್ಯಾನ್ ಪಕ್ಕದಲ್ಲೇ. ಕಣ್ತುಂಬ ನೋಡ್ಕೋ, ನಿಜವಾದದ್ದು ಹೇಗಿರುತ್ತೆ ಅಂತ.”

ಸೀಟು ಎಡಗಡೆ ಕಿಟಕಿಯದು. ಗಾಜಿನಾಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಪ್ರೊಪೆಲ್ಲರ್ ನಿಂತಿತ್ತು, ಅಲಗುಗಳು ಗಾಳಿಗೆ ಅಂಚು ಕೊಟ್ಟು, ನಿಲ್ಲಬೇಕಾದ ಹಾಗೆಯೇ. ಅಮ್ಮ ಅವಳ ಬಲಕ್ಕೆ ಕೂತು ಬೆಲ್ಟು ಬಿಗಿದುಕೊಂಡಳು, ಆಚೆ ಸಾಲಿನವರಿಗೆ “ಕ್ಯಾಪ್ಟನ್ ನಮ್ಮ ಮಗ” ಎಂದಳು. ಎಂಜಿನ್ ಎದ್ದಿತು. ಅಲಗುಗಳು ಮೊದಲು ಒಂದೊಂದಾಗಿ ಕಂಡವು, ಆಮೇಲೆ ಮಸುಕಾಗಿ ಒಂದು ಬಿಲ್ಲೆಯಾದವು. ಆ ಬದಿಯ ಕಿವಿ ಅವಳಿಗಿಲ್ಲ. ಸದ್ದು ಬದಲಾದರೆ ಗೊತ್ತಾಗುವುದಿಲ್ಲ, ಕಣ್ಣಿನಿಂದಲೇ ನೋಡಬೇಕು. ಅವಳು ಕಣ್ಣು ಕೀಳದೆ ನೋಡಿದಳು.

ಧ್ವನಿವರ್ಧಕ ಗೊರಗೊರ ಎಂದಿತು. “ಪ್ರಯಾಣಿಕರಿಗೆ ನಿಮ್ಮ ಕ್ಯಾಪ್ಟನ್ನಿನ ನಮಸ್ಕಾರ,” ಎಂದಿತು ಅಣ್ಣನ ಧ್ವನಿ. “ಇವತ್ತು ನಮ್ಮ ಜೊತೆ ನನ್ನ ತಾಯಿ ಇದ್ದಾರೆ. ನನ್ನ ತಂಗಿ ಕೂಡ ಇದ್ದಾಳೆ. ಅವಳು ನೆಲದ ಮೇಲೇ ವಿಮಾನ ಬೀಳಿಸೋದರಲ್ಲಿ ತುಂಬ ಹೆಸರುವಾಸಿ. ಯಾರೂ ಹೆದರಬೇಡಿ, ಇವತ್ತು ಓಡಿಸ್ತಿರೋನು ನಾನು.” ಜನ ನಕ್ಕರು. ಹಿಂದಿನ ಸೀಟಿನವರು ಯಾರಪ್ಪ ತಂಗಿ ಎಂದು ಕತ್ತು ಚಾಚಿದರು. ಅಮ್ಮ ಅವಳ ಕಡೆ ಬೆರಳು ಮಾಡಿ ತೋರಿಸಿದಳು.

ವಿಮಾನ ರನ್‌ವೇ ತುದಿಯಲ್ಲಿ ತಿರುಗಿ ಒಂದು ಗಳಿಗೆ ನಿಂತಿತು. ಆಮೇಲೆ ಮೈಯೆಲ್ಲ ನಡುಗಿಸಿಕೊಂಡು ಓಡತೊಡಗಿತು. ದೀಪದ ಕಂಬಗಳು ಹಿಂದೆ ಸರಿದವು, ಹುಲ್ಲು ಹಸಿರು ಗೆರೆಯಾಯಿತು. ಮೂಗು ಮೇಲೆದ್ದಿತು, ನೆಲ ಕೆಳಗುಳಿಯಿತು. ಕಿಟಕಿಯ ಕೆಳಗೆ ಚಕ್ರ ಮಡಚಿಕೊಂಡು ಒಳಗೆ ಹೋಯಿತು. ಮೀಸೆ ಸರ್ ಎಂಜಿನ್ ಕೊಂದದ್ದು ಸರಿಯಾಗಿ ಇಲ್ಲಿಯೇ. ಬಿಲ್ಲೆ ಬಿಸಿಲಿನಲ್ಲಿ ಮಿನುಗುತ್ತ ತಿರುಗುತ್ತಿತ್ತು.

“ನೋಡಿದ್ಯಾ? ಹೂವಿನ ಹಾಗೆ ಎತ್ತಿದ,” ಎಂದಳು ಅಮ್ಮ ಅವಳ ಬಲಗಿವಿಯಲ್ಲಿ. ಚಪ್ಪಾಳೆ ತಟ್ಟಿದಳು, ಇನ್ನೂ ಕೆಲವರು ತಟ್ಟಿದರು. ಹೊಲಗಳು ಕೆಳಗೆ ನೇರವಾಗಿ, ಚೌಕ ಚೌಕವಾಗಿ ಮಲಗಿದ್ದವು.

ಏರುವುದು ಮುಗಿದು ಬೆಲ್ಟಿನ ದೀಪ ಆರಿತು. ಜನ ಎದ್ದು ಮೈ ಮುರಿದರು. ಅಮ್ಮ ಕೆಳಗಿಟ್ಟಿದ್ದ ಕೈಚೀಲ ತೆಗೆಯಲು ಬಗ್ಗಿದವಳು ಹಾಗೆಯೇ ತಲೆಯೆತ್ತಿ ನೋಡಿದಳು.

“ಕಾಲು ತೆಗಿಯೇ,” ಎಂದಳು. “ಯಾಕೆ ಹೀಗೆ ತುಳ್ಕೊಂಡಿದ್ದೀಯ?”

ತಂಗಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅವಳ ಬಲಗಾಲು ಅಮ್ಮನ ಚೀಲದ ಪಟ್ಟಿಯನ್ನು ನೆಲಕ್ಕೆ ಒತ್ತಿ ಹಿಡಿದಿತ್ತು, ತೊಡೆ ಸಣ್ಣಗೆ ನಡುಗುತ್ತಿತ್ತು. ಅಮ್ಮ ಪಟ್ಟಿ ಹಿಡಿದು ಜಗ್ಗಿದಳು. ಕಾಲು ಅಲುಗಲಿಲ್ಲ.